ಹೂನ್ರಿ ಅಂದ ಕಿವಿ

ಸವಣೂರಿನ ಜಮಾಲಸಾಬನಿಗೆ ಕಿವಿ ಮಂದವಾಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡಿದ್ದವನು ಜಮಾಲಸಾಬ ಒಬ್ಬನೇ. ಚಹಾದಂಗಡಿಯವನು ಅವನನ್ನು ಕಂಡ ಕೂಡಲೇ ದನಿ ಎತ್ತರಿಸುತ್ತಿದ್ದ, ಮಸೀದಿಯಲ್ಲಿ ಪಕ್ಕದವರು ಮೊದಲು ಮೊಣಕೈ ಮುಟ್ಟಿ ಆಮೇಲೆ ಮಾತಾಡುತ್ತಿದ್ದರು, ಹೆಂಡತಿ ಹುಸೇನಬಿ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು ಎದುರಿಗೇ ಬಂದು ನಿಂತು ಹೇಳುತ್ತಿದ್ದಳು. ಈಗಿನ ಮಂದಿ ಒದರುವುದನ್ನು ಕಲಿತಿದ್ದಾರೆ ಎಂದು ಇವನು ಹೊರಗೆ ಬೇಸರ ತೋರಿಸುತ್ತಿದ್ದ, ಒಳಗೊಳಗೇ ನಡುಗುತ್ತಿದ್ದ.

ನಡುಗದೆ ಇನ್ನೇನು ಮಾಡಿಯಾನು? ಅವನದು ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್, ಗ್ರಾಮಫೋನುಗಳ ಧಂದೆ. ಹಾನಗಲ್ಲ, ಹಿರೇಕೆರೂರ ಕಡೆಯ ಹಳ್ಳಿಗಳಲ್ಲಿ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದ ಪೆಟ್ಟಿಗೆಗಳನ್ನು ಕೊಂಡು ತರುವುದು, ಒಳಗಿನ ಜಿರಳೆ ಝಾಡಿಸಿ, ಸತ್ತ ವಾಲ್ವು ಬದಲಿಸಿ, ಜೋತುಬಿದ್ದ ಬೆಲ್ಟು ತೆಗೆದು ಹೊಸದು ಹಾಕಿ, ಕಟ್ಟಿಗೆಗೆ ಪಾಲಿಶ್ ಹೊಡೆದು, ಮತ್ತೆ ಹಾಡುವಂತೆ ಮಾಡಿ ಮಾರುವುದು. ಶಿಗ್ಗಾಂವದ ಕುಬೇರಪ್ಪ ಅವನ್ನು ಕೊಂಡು, ಮೊಬೈಲಿನಲ್ಲಿ ಫೋಟೊ ಹಾಕಿ, ಪುಣೆ ಬೆಂಗಳೂರುಗಳಲ್ಲಿ ಹಳೆಯ ಮಾಲಿನ ಶೋಕಿ ಇರುವ ಮಂದಿಗೆ ಕಳಿಸುತ್ತಿದ್ದ. ಈ ಕೆಲಸಕ್ಕೆ ಬೇಕಾದ ಸಾಮಾನೆಲ್ಲ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಕಿವಿ ಮಾತ್ರ ಮನೆಯಿಂದಲೇ ತರಬೇಕು.

ಜಮಾಲಸಾಬನ ಕಿವಿ ಒಂದು ಕಾಲಕ್ಕೆ ಬಂಗಾರದ ಕಿವಿ. ಚಹಾದಂಗಡಿಯ ರೇಡಿಯೋ ಹಾಡುತ್ತಿದ್ದರೆ ರಸ್ತೆಯ ಈಚೆಯಿಂದಲೇ ಕೇಳಿ, ನಾಳೆ ಇದು ಬಂದ್ ಬೀಳುತ್ತದೆ ಎನ್ನುತ್ತಿದ್ದ. ಮರುದಿನ ಅದು ಬಂದ್ ಬೀಳುತ್ತಿತ್ತು. ಟೇಪಿನಲ್ಲಿ ರೀಲನ್ನು ಓದುವ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮುಸುಕು ಹಾಕಿಕೊಂಡ ಹಾಡನ್ನು ಮುಸುಕು ತೆಗೆದು ನಿಲ್ಲಿಸುತ್ತಿದ್ದ. ಅಂಥವನಿಗೆ ಎರಡು ವರ್ಷದ ಹಿಂದೆ ಕುಕ್ಕರಿನ ಸೀಟಿ ಕೇಳುವುದು ನಿಂತಿತು. ಆಮೇಲೆ ಹುಸೇನಬಿಯ ಬಳೆಗಳು ಹೋದವು. ಈಗ ಮಾತುಗಳ ಬೆನ್ನುಮೂಳೆಯಷ್ಟೇ ಕಿವಿಗೆ ಬಂದು, ಮಾಂಸವೆಲ್ಲ ದಾರಿಯಲ್ಲೇ ಉದುರಿ ಹೋಗುತ್ತಿತ್ತು. ಕಿವಿಗೊಂದು ಮಿಷನ್ ಹಾಕಿಸಿಕೊಳ್ಳಿ ಎಂದು ಹುಸೇನಬಿ ಹೇಳಿ ಹೇಳಿ ಸೋತಳು. ಮಿಷನ್ ಹಾಕಿಕೊಂಡು ಕೂತರೆ ಗಿರಾಕಿ ಬರುತ್ತಾನೇನು, ಕುರುಡನ ಕೈಯಲ್ಲಿ ಬಂಗಾರ ಒರೆಗೆ ಹಚ್ಚಲು ಯಾರಾದರೂ ಕೊಡುತ್ತಾರೇನು ಎಂದು ಅವನು ಬಾಯಿ ಮುಚ್ಚಿಸುತ್ತಿದ್ದ.

ಅದಕ್ಕೆ ಬದಲಾಗಿ ಅವನೊಂದು ಉಪಾಯ ಹಿಡಿದಿದ್ದ. ಎದುರಿನವರ ತುಟಿ ನಿಂತ ಕೂಡಲೇ ‘ಹೂನ್ರಿ’ ಎನ್ನುವುದು. ಹೆಣ್ಣುಮಗಳಾದರೆ ‘ಹೂನವಾ’. ಅವಳ ಮುಖದಲ್ಲಿ ಇನ್ನೂ ಏನೋ ಉಳಿದಿದ್ದರೆ ‘ಆಗ್ಲಿ ತಗೋ’. ಲೋಕದ ಮುಕ್ಕಾಲು ಪಾಲು ಮಾತಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗುವುದಿಲ್ಲ ಎಂಬುದನ್ನು ಕಿವಿ ಹೋದ ಮೇಲೆ ಜಮಾಲಸಾಬ ಕಂಡುಕೊಂಡಿದ್ದ. ಉಳಿದ ಕಾಲು ಪಾಲು ಇದೆಯಲ್ಲ, ಮನುಷ್ಯರನ್ನು ಮುಳುಗಿಸುವುದು ಅದೇ.

ಒಂದು ದಿನ ಕುಬೇರಪ್ಪ ಆಂಪ್ಲಿಫೈಯರ್ ಒಂದನ್ನು ಹೊತ್ತುಕೊಂಡು ವಾಪಸು ಬಂದ. ಕೊಂಡವರು ತಿರುಗಿ ಕಳಿಸಿದ್ದಾರೆ, ಒಂದು ಕಡೆಯ ಸ್ಪೀಕರಿನಲ್ಲಿ ಸುಂಯ್ ಎಂಬ ದನಿ ಸತತ ಬರುತ್ತಿದೆ ಎಂದ. ಅಂಗಡಿಯಲ್ಲೇ ಹಚ್ಚಿ ತೋರಿಸಿದ. ಜಮಾಲಸಾಬ ತಲೆ ಬಾಗಿಸಿ, ಕಣ್ಣು ಮುಚ್ಚಿ ಕೇಳಿದ. ಎಂಥ ಸುಂಯ್ಯೂ ಇರಲಿಲ್ಲ. ಅಂದರೆ ಇವನ ಪಾಲಿಗೆ ಇರಲಿಲ್ಲ. ಪುಣೆಯವರ ಕರೆಂಟು ಸರಿಯಿಲ್ಲ, ಅವರ ವಾಯರು ಸರಿಯಿಲ್ಲ, ಅವರಿಗೆ ಹಳೆಯ ಮಾಲು ಇಟ್ಟುಕೊಳ್ಳುವ ರೀತಿ ಗೊತ್ತಿಲ್ಲ ಎಂದು ಒಂದೇ ಉಸಿರಿಗೆ ಬೈದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹೊಡೆಯುವುದು ಎಂದರೆ ಇದೇ. ಕುಬೇರಪ್ಪ ಒಳ್ಳೆಯ ಮನುಷ್ಯ, ಮುಂದೆ ಮಾತು ಬೆಳೆಸಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಕೇಳಿದ. ಜಮಾಲಸಾಬ ಹೂನ್ರಿ ಎಂದ. ನಿಮಗೆ ಕಿವಿ ಕೇಳುವುದಿಲ್ಲವೇನು ಎಂದು ಕುಬೇರಪ್ಪ ಕೇಳಿದ್ದ. ಅದನ್ನು ಹುಸೇನಬಿ ಒಳಗಿನಿಂದ ಕೇಳಿಸಿಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗಂಡನಿಗೆ ಮಾತ್ರ ಹೇಳಲಿಲ್ಲ.

ಜಮಾಲಸಾಬನ ಧಂದೆಯಲ್ಲಿ ಒಂದು ಕಟ್ಟುಪಾಡಿತ್ತು. ಅದನ್ನು ಈಗಲೇ ಹೇಳದಿದ್ದರೆ ಮುಂದಿನದು ಹುಚ್ಚರ ಕತೆಯಾದೀತು. ಹಳ್ಳಿಯಿಂದ ಬರುವ ಟೇಪ್‌ರೆಕಾರ್ಡರುಗಳ ಹೊಟ್ಟೆಯಲ್ಲಿ ಎಷ್ಟೋ ಸಲ ಒಂದು ಕ್ಯಾಸೆಟ್ಟು ಉಳಿದಿರುತ್ತದೆ. ಅದರಲ್ಲಿ ಮನೆಯ ಮಂದಿ ಎಂದೋ ತುಂಬಿದ ಮಾತು, ಮಕ್ಕಳ ಅಳು, ಹೆಂಗಸರ ಹಾಡು ಇರುತ್ತದೆ. ಹಿಂದೊಮ್ಮೆ ಅಂಥ ಕ್ಯಾಸೆಟ್ಟಿನ ಸಮೇತ ಒಂದು ಟೇಪು ಪುಣೆಗೆ ಹೋಗಿತ್ತು. ಕೊಂಡವನು ಅದರೊಳಗಿನ ಹೆಣ್ಣುಮಕ್ಕಳ ಜಗಳವನ್ನು ಮೋಜಿಗೆಂದು ಮೊಬೈಲಿನಲ್ಲಿ ಊರೂರಿಗೆ ಹಂಚಿದ. ಅದು ಸುತ್ತಿ ಸುತ್ತಿ ಬಂಕಾಪುರದ ಅದೇ ಮನೆಗೆ ಬಂದು ಮುಟ್ಟಿತು. ಆ ಮನೆಯ ಮುದುಕಿ ಅಂಗಡಿಗೆ ಬಂದು, ಬೈಯದೆ, ಸುಮ್ಮನೆ ನಿಂತು ಹೋದಳು. ಅವತ್ತು ಹುಸೇನಬಿ, “ಮಿಷನ್ ಮಾರ್ರಿ. ಮಂದಿ ಮನಿ ಹೆಣ್ಣಮಕ್ಕಳ ದನಿ ಮಾರಬ್ಯಾಡ್ರಿ,” ಅಂದಳು. ಅಂದಿನಿಂದ ಯಾವ ಟೇಪು ಅಂಗಡಿ ದಾಟಬೇಕಾದರೂ ಒಳಗಿನ ಕ್ಯಾಸೆಟ್ಟನ್ನು ಅಳಿಸಿಯೇ ಜಮಾಲಸಾಬ ದಾಟಿಸುತ್ತಿದ್ದ. ಮನೆಯವರೂ ಎಷ್ಟೋ ಸಲ ತಾವಾಗಿಯೇ ಅಳಿಸಿಬಿಡಿ ಎಂದು ಹೇಳಿ ಕಳಿಸುತ್ತಿದ್ದರು. ಕೆಂಪು ಗುಂಡಿ ಒತ್ತಿ, ಏನನ್ನೂ ತುಂಬದೆ, ಕ್ಯಾಸೆಟ್ಟನ್ನು ಈ ತುದಿಯಿಂದ ಆ ತುದಿಗೆ ಓಡಿಸಿದರೆ ಆಯಿತು. ಒತ್ತುವ ಮೊದಲು ಬಿಸ್ಮಿಲ್ಲಾ ಅನ್ನುತ್ತಿದ್ದ. ಇದನ್ನು ಅವನು ಅಮಾನತ್ತಿನ, ಅಂದರೆ ನಂಬಿ ಒಪ್ಪಿಸಿದ್ದನ್ನು ಕಾಯುವ ಕೆಲಸ ಎಂದು ತಿಳಿದಿದ್ದ, ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಸುಜಾತಾ ಬಂದದ್ದು ಒಂದು ಸುಡುಬಿಸಿಲಿನ ಮಧ್ಯಾಹ್ನ. ಆಡೂರಿನಲ್ಲಿ ಅಂಗನವಾಡಿ ನಡೆಸುವ ಹೆಣ್ಣುಮಗಳು. ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಬಂದಂತೆ ಒಂದು ಜಪಾನಿ ಟು-ಇನ್-ಒನ್ನನ್ನು ದುಪ್ಪಟಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಿದ್ದಳು. ಜಮಾಲಸಾಬನ ತಲೆಯ ಹತ್ತಿರ ಟೇಬಲ್ ಫ್ಯಾನು ಗರಗರ ತಿರುಗುತ್ತಿತ್ತು. ಕೂಡಿಸಿ ನೀರು ಕೊಟ್ಟ. ಅವಳು ಹೇಳತೊಡಗಿದಳು.

ಅವಳು ಹೇಳಿದ್ದು ಇಷ್ಟು. ಈ ಟೇಪು ಅವಳ ಅಪ್ಪ ಮೈಲಾರಪ್ಪ ಯಾರೋ ಸೌದಿಯಿಂದ ಬಂದವರ ಹತ್ತಿರ ಆಸೆಪಟ್ಟು ಕೊಂಡದ್ದು. ಅಪ್ಪ ತೀರಿಕೊಂಡು ಬಹಳ ದಿನವಾಯಿತು. ಅವ್ವ ಗುತ್ತೆವ್ವ ಸೋಬಾನ ಹಾಡಿದರೆ ಸುತ್ತ ಹಳ್ಳಿಗಳ ಮದುವೆ ಮನೆಗಳು ತುಂಬುತ್ತಿದ್ದವು. ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಾಯಿ ಸೊಟ್ಟಗಾಯಿತು, ಒಂದು ಕಣ್ಣಿಂದ ನೀರು ಸದಾ ಇಳಿಯುತ್ತಲೇ ಇರುತ್ತದೆ, ಮಾತು ಪೂರಾ ನಿಂತಿತು. ಮಾತು ಸತ್ತವರಿಗೆ ಕೆಲವೊಮ್ಮೆ ಹಾಡಿನ ದಾರಿಯಿಂದ ನಾಲಗೆ ತಿರುಗುವುದುಂಟು, ಆಕೆ ಹಾಡಿದ್ದೇನಾದರೂ ಇದ್ದರೆ ದಿನಾ ಕೇಳಿಸಿ ನೋಡಿ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಒಮ್ಮೆ ತುಂಬಿದ ಕ್ಯಾಸೆಟ್ಟು ಈ ಟೇಪಿನೊಳಗೇ ಸಿಕ್ಕಿಕೊಂಡಿದೆ, ಮುಚ್ಚಳ ತೆರೆಯುವುದಿಲ್ಲ. ಅವ್ವನ ದನಿ ಲೋಕದಲ್ಲಿ ಇರುವುದು ಅದೊಂದರಲ್ಲೇ. ಅದನ್ನು ಮೊಬೈಲಿಗೆ ಹಾಕಿಕೊಟ್ಟರೆ ಸಾಕು, ಮಿಷನ್ನು ನೀವೇ ಮಾರಿಕೊಳ್ಳಿ.

ಜಮಾಲಸಾಬನ ಕಿವಿಗೆ ಬಿದ್ದದ್ದು ಇಷ್ಟು: ಅಪ್ಪ, ಅವ್ವ, ಮದುವೆ, ಡಾಕ್ಟರು, ಮುಚ್ಚಳ, ಮಾರಿಕೊಳ್ಳಿ. ಈ ಆರು ಮಾತಿನಿಂದ ಅವನು ತನ್ನದೇ ಒಂದು ಕತೆ ಹೊಲಿದುಕೊಂಡ. ಮನೆಯಲ್ಲಿ ಯಾರಿಗೋ ಜಡ್ಡಾಗಿದೆ, ಖರ್ಚಿಗೆ ಟೇಪು ಮಾರಬೇಕಾಗಿದೆ. ಚಿಂತೆ ಮಾಡಬೇಡವಾ, ಒಳ್ಳೆಯ ಮನೆಗೆ ಕಳಿಸುತ್ತೇನೆ ಎಂದ. ಒಳ್ಳೆಯ ಮನೆ ಅಂದರೇನು ಎಂದು ಸುಜಾತಾಗೆ ತಿಳಿಯಲಿಲ್ಲ. ಆದರೆ ಕಣ್ಣಲ್ಲಿ ಅಂಥ ಮರುಕವಿದ್ದ ಮನುಷ್ಯನನ್ನು ಯಾರು ತಾನೇ ಅನುಮಾನಿಸುತ್ತಾರೆ? ಫೋನ್ ನಂಬರು ಕೊಟ್ಟು ಹೋದಳು.

ಟೇಪು ಚೆಲುವಾದ ಮಾಲು. ಜಮಾಲಸಾಬ ಅದರ ಹಿಂದೆ ಬಿದ್ದು ಕೆಲಸ ಮಾಡಿದ. ಕಿವಿ ಕೈಬಿಟ್ಟಿದ್ದರೂ ಕೈಗಳು ಇನ್ನೂ ಅವನವೇ ಆಗಿದ್ದವು. ಅಂಟಿಕೊಂಡಿದ್ದ ಮುಚ್ಚಳ ಬಿಡಿಸಿದ, ಬೆಲ್ಟು ಹಾಕಿದ, ಹೆಡ್ಡುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಅಳಿಸುವ ಹೆಡ್ಡು ಒಂದಿಷ್ಟು ಸೊಟ್ಟಗೆ ಕೂತಿತ್ತು. ಅದು ಹಾಗೇ ಇದ್ದರೆ ಹೊಸದು ತುಂಬುವಾಗ ಹಳೆಯ ದನಿ ತಳದಲ್ಲಿ ಉಳಿದುಬಿಡುತ್ತದೆ. ಅದನ್ನೂ ನೆಟ್ಟಗೆ ಕೂರಿಸಿದ. ಆಮೇಲೆ ಒಳಗಿದ್ದ ಕ್ಯಾಸೆಟ್ಟನ್ನೇ ಹಚ್ಚಿ, ಕಿವಿಯನ್ನು ಸ್ಪೀಕರಿಗೆ ಆನಿಸಿ ಕೂತ.

ಒಬ್ಬ ಗಂಡಸು ನಗುತ್ತ, ಹಾಡ, ಹಾಡ ಅನ್ನುತ್ತಿದ್ದ. ಹಿಂದೆ ಕೋಳಿ ಕೆದರುವ ಸಪ್ಪಳವಿದ್ದಿರಬೇಕು, ಅದು ಇವನಿಗೆ ಕೇಳಲಿಲ್ಲ. ಒಬ್ಬ ಹೆಂಗಸು ಅದನ್ನ ಬಂದ್ ಮಾಡ್ರಿ ಎಂದು ಗದರಿ, ಗದರಿದ ಬಾಯಲ್ಲೇ ಎತ್ತಿಕೊಂಡಳು. ಮದುಮಗಳಿಗೆ ಅರಿಸಿನ ಹಚ್ಚುವ ಹಾಡು. ದಪ್ಪ ದನಿ. ಬಾವಿಯ ತಳದಿಂದ ನೀರು ಸೇದಿದಂತೆ ಎದೆಯ ಕೆಳಗಿನಿಂದ ಬರುವ ದನಿ. ಜಮಾಲಸಾಬ ಬೆಚ್ಚಿದ. ಎಷ್ಟೋ ತಿಂಗಳಿಂದ ಯಾವ ಹಾಡೂ ಅವನ ಕಿವಿಗೆ ಪೂರ್ತಿ ಬಂದಿರಲಿಲ್ಲ. ಇದು ಬಂದಿತು. ಮಾತು ಅಷ್ಟಿಷ್ಟು ಜಾರಿದರೂ ದನಿ ಇಡಿಯಾಗಿ ಬಂದು ಎದೆಗೆ ಹೊಕ್ಕಿತು. ಅವನು ತಿರುಗಿಸಿ ಮತ್ತೆ ಕೇಳಿದ, ಮತ್ತೆ ಕೇಳಿದ. ಕಣ್ಣೊರೆಸಿಕೊಂಡ. ಇಂಥ ದನಿ ಯಾವನೋ ಗೊತ್ತಿಲ್ಲದವನ ಬೈಠಕ್ಕಿನಲ್ಲಿ ಮೋಜಿನ ವಸ್ತುವಾಗಬಾರದು ಎಂದು ಅವನಿಗೆ ಆಗಲೇ ಅನಿಸಿತು. ಆದರೂ ಮನೆಯವರನ್ನು ಕೇಳದೆ ಕೆಂಪು ಗುಂಡಿ ಮುಟ್ಟುವವನಲ್ಲ. ಸುಜಾತಾಗೆ ಫೋನ್ ಹಚ್ಚಿದ.

ಅವಳು ಅಕ್ಕಿಆಲೂರಿನ ಸಂತೆಯಲ್ಲಿದ್ದಳು. ಬಸ್ಸಿನ ಹಾರ್ನು, ಕಾಯಿಪಲ್ಲೆಯವರ ಕೂಗು. ಮುಚ್ಚಳ ತೆರೆಯಿತು, ಒಳಗೆ ಒಬ್ಬ ಹೆಣ್ಣುಮಗಳ ಹಾಡಿದೆ, ಏನು ಮಾಡಲಿ ಎಂದು ಇವನು ಕೇಳಿದ. ಆ ಕಡೆ ಅವಳು ಸಂತೋಷಕ್ಕೆ ಗಡಿಬಿಡಿಯಲ್ಲಿ ಮಾತಾಡಿದಳು. ಆದದ್ದೆಲ್ಲ ಅಲ್ಲಿ ಆಯಿತು.

“ಮಿಷನ್ ಬೇಕಾದ್ರ ಇವತ್ತ ಮಾರ್ರಿ ಚಾಚಾ,” ಎಂದಳು ಸುಜಾತಾ. “ನಮ್ಮವ್ವನ ದನಿ ಅಷ್ಟ ಉಳಸ್ರಿ.”

ಜಮಾಲಸಾಬನಿಗೆ ಕೇಳಿದ್ದು: ನಮ್ಮವ್ವನ ದನಿ ಅಷ್ಟ ಅಳಸ್ರಿ.

ಒಂದು ಅಕ್ಷರ. ಬಾಯಿ ದುಂಡಗೆ ಮಾಡಿದರೆ ಉಳಿಯುತ್ತದೆ, ಅಗಲ ಮಾಡಿದರೆ ಅಳಿಯುತ್ತದೆ. ಎದುರಿಗಿದ್ದಿದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದನೇನೋ. ಫೋನಿಗೆ ತುಟಿಯಿಲ್ಲ. ಅವನಿಗೆ ಒಂದು ಗಳಿಗೆ ಅನುಮಾನ ಬರದೆ ಇರಲಿಲ್ಲ. ಇದನ್ನು ಆಮೇಲೆ ಅವನೇ ಒಪ್ಪಿಕೊಂಡ. ಅಳಸ್ರಿ ಅನ್ನುವವಳ ದನಿ ಹೀಗೆ ಹಿಗ್ಗುತ್ತದೆಯೇ ಎಂದು ಅನಿಸಿತ್ತು. ಏನಂದಿ, ಇನ್ನೊಮ್ಮೆ ಹೇಳವಾ ಎಂದರೆ ಮುಗಿಯುತ್ತಿತ್ತು. ಹುಸೇನಬಿ ಎರಡು ಮಾರು ದೂರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಅವಳ ಕೈಗೆ ಫೋನು ಕೊಟ್ಟಿದ್ದರೂ ಮುಗಿಯುತ್ತಿತ್ತು. ಆದರೆ ರೇಡಿಯೋ ಜಮಾಲಸಾಬ ಏನಂದಿ ಎಂದು ಕೇಳುವುದೇ? ಎರಡು ವರ್ಷದಿಂದ ಕೇಳದವನು ಅಂದೂ ಕೇಳಲಿಲ್ಲ.

“ಹೂನವಾ,” ಎಂದ. “ಆಗ್ಲಿ ತಗೋ.”

ಮಧ್ಯಾಹ್ನದ ಜುಹರ್ ನಮಾಜು ಮುಗಿಸಿ ಬಂದು ಕೂತ. ಬಿಸ್ಮಿಲ್ಲಾ ಅಂದ. ಕೆಂಪು ಗುಂಡಿ ಒತ್ತಿದ. ಕ್ಯಾಸೆಟ್ಟು ತಿರುಗುವಷ್ಟು ಹೊತ್ತೂ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಮೈಯತ್ತಿಗೆ ಕಡೆಯ ಸ್ನಾನ ಮಾಡಿಸುವವರ ಹಾಗೆ ತಲೆ ತಗ್ಗಿಸಿ ಪಕ್ಕದಲ್ಲೇ ಕೂತಿದ್ದ. ಒಂದು ಮಗ್ಗುಲು ಮುಗಿದ ಮೇಲೆ ಹೊರಳಿಸಿ ಇನ್ನೊಂದು ಮಗ್ಗುಲನ್ನೂ ಅಳಿಸಿದ. ಅಷ್ಟು ಒಳ್ಳೆಯ ದನಿ ಹೋಯಿತಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಮನೆಯವರ ಮಾತು ಮನೆಯವರದು.

ಆ ವಾರದ ಕೊನೆಗೆ ಸುಜಾತಾ ಬಂದಳು. ಕೈಯಲ್ಲಿ ಒಂದು ಹೊಸ ಮೆಮೊರಿ ಕಾರ್ಡಿತ್ತು, ಹುಸೇನಬಿಗೆಂದು ಮನೆಯ ಕರಿಬೇವು ತಂದಿದ್ದಳು. ಅವ್ವನಿಗೆ ಹೇಳಿದ್ದೇನೆ, ಬೆಳಗಿನಿಂದ ಬಾಗಿಲ ಕಡೆಗೇ ನೋಡುತ್ತ ಕೂತಿದ್ದಾಳೆ ಎಂದಳು. ಜಮಾಲಸಾಬ ಹೂನವಾ ಎಂದ. ಫ್ಯಾನು ಗರಗರ ತಿರುಗುತ್ತಿತ್ತು. ಅವನು ಟೇಪನ್ನು ಮುಂದೆ ತಂದಿಟ್ಟು, ಒಳ್ಳೆಯ ಕೆಲಸ ಮಾಡಿದವನ ಸಮಾಧಾನದಲ್ಲಿ ಹೇಳಿದ.

“ನೀ ಅಂದಂಗ ಅಳಿಸೇನಿ ನೋಡವಾ. ಒಂದ ಅಕ್ಷರ ಉಳದಿಲ್ಲ. ನಿಮ್ಮವ್ವನ ದನಿ ಇನ್ನ ಯಾರ ಕೈಗೂ ಸಿಗೂದಿಲ್ಲ.”

ಸುಜಾತಾ ನಕ್ಕಳು, ಅವನು ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. ಆಮೇಲೆ ನಗು ನಿಂತಿತು. ಏನೋ ಕೇಳಿದಳು. ಅವನು ಹೂನವಾ ಎಂದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೂನವಾ ಎಂದ. ಅವಳ ತುಟಿ ನಡುಗುವುದು ಕಾಣಿಸಿತು. ಆಗ ಅವನು ಆಗ್ಲಿ ತಗೋ ಎಂದ. ಒಳಗಿನಿಂದ ಹುಸೇನಬಿ ಓಡಿ ಬಂದಳು. ಫ್ಯಾನು ಬಂದ್ ಮಾಡಿದಳು. ಗಂಡನ ಭುಜ ಹಿಡಿದು, ಅವನ ಕಿವಿಗೆ ಬಾಯಿ ಹಚ್ಚಿ, ಊರಿಗೆಲ್ಲ ಕೇಳುವಂತೆ ಹೇಳಿದಳು.

“ಉಳಸ್ರಿ ಅಂದಿದ್ಲಂತ್ರಿ. ಉಳಸ್ರಿ.”

ಆ ಮಾತು ಕಿವಿಯಿಂದ ಒಳಗಿಳಿಯಲು ತುಸು ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕೇಳದ ಮಾತಿನಿಂದ ಏನೇನು ಹೋಗುತ್ತದೆ ಎಂದು ಯಾವ ಗಾದೆಯೂ ಹೇಳಿಲ್ಲ. ಸುಜಾತಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವ್ವನಿಗೆ ಈಗ ಏನು ಹೇಳಲಿ ಎಂದು ಹುಸೇನಬಿಯನ್ನು ಕೇಳಿದಳು. ಟೇಪು, ಕ್ಯಾಸೆಟ್ಟು ಎಲ್ಲ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕರಿಬೇವಿನ ಗಂಟು ಟೇಬಲ್ಲಿನ ಮೇಲೆ ಉಳಿಯಿತು.

ಹುಸೇನಬಿ ಅಂದು ಸಂಜೆಯವರೆಗೆ ಸುಜಾತಾಳಿಂದ ತಿಳಿದ ಲಕ್ವಾದ ಸಂಗತಿ, ಡಾಕ್ಟರು ಹೇಳಿದ ಸಂಗತಿ, ಎಲ್ಲವನ್ನೂ ಗಂಡನಿಗೆ ಬಿಡಿಸಿ ಬಿಡಿಸಿ ಹೇಳಿದಳು. ಸುಜಾತಾ ಮೊದಲ ದಿನ ಹೇಳುವಾಗ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಅರ್ಧಂಬರ್ಧ ಕಿವಿಗೆ ಬಿದ್ದಿತ್ತು, ಗಂಡ ಹೂನವಾ ಅಂದದ್ದು ಕೇಳಿ ಅವನಿಗೆ ತಿಳಿದಿದೆ ಎಂದುಕೊಂಡಿದ್ದಳು. ಈಗ ತಾನೂ ತಪ್ಪಿತಸ್ಥೆ ಎಂದು ಅತ್ತಳು. ಜಮಾಲಸಾಬ ಅಳಲಿಲ್ಲ. ಅವನು ಟೇಪಿನ ಮುಂದೆ ಕೂತು ವಾಲ್ಯೂಮು ಪೂರಾ ಏರಿಸಿ, ಖಾಲಿ ಕ್ಯಾಸೆಟ್ಟನ್ನು ಓಡಿಸುತ್ತಿದ್ದ.

ಅಳಿಸುವ ಹೆಡ್ಡು ಸೊಟ್ಟಗಿದ್ದರೆ ದನಿ ತಳದಲ್ಲಿ ಉಳಿಯುತ್ತದೆ. ಅದನ್ನು ನೆಟ್ಟಗೆ ಕೂರಿಸಿದವನು ಯಾರು? ತಾನೇ. ಜೀವಮಾನದಲ್ಲಿ ಒಂದು ಕೆಲಸವನ್ನಾದರೂ ಕೆಟ್ಟದಾಗಿ ಮಾಡಿದ್ದರೆ ಇವತ್ತು ಒಬ್ಬ ಹೆಂಗಸಿನ ದನಿ ಬದುಕುತ್ತಿತ್ತು ಎಂದು ಅವನು ಹಲ್ಲು ಕಚ್ಚಿದ. ಹುಸೇನಬಿಯನ್ನು ಕರೆದು ಕೇಳಿಸಿದ. ಸುಂಯ್ ಅನ್ನುವುದು ಬಿಟ್ಟರೆ ಏನೂ ಇಲ್ಲ ಎಂದಳು. ಆ ಸುಂಯ್ಯೂ ಅವನಿಗೆ ಇಲ್ಲ. ಕುಬೇರಪ್ಪ ಅಂದು ಹೇಳಿದ ಸುಂಯ್ ನಿಜವಾಗಿತ್ತು ಎಂಬುದು ಆಗ ಅವನ ತಲೆಗೆ ಹೋಯಿತು. ಹೀಗೆ ಎಷ್ಟು ಮಾಲು ಕೆಡಿಸಿ, ಎಷ್ಟು ಮನೆಗೆ ಕಳಿಸಿದ್ದೇನೋ ಎಂದು ಎಣಿಸಲು ಹೋಗಿ ಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದರೆ ಆಸೆ ಎಂಬುದು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. ಕ್ಯಾಸೆಟ್ಟಿನ ತುದಿಯಲ್ಲಿ, ಗುಂಡಿ ಒತ್ತುವ ಮೊದಲಿನ ಒಂದು ಗೇಣು ರೀಲಿನಲ್ಲಿ, ಏನಾದರೂ ಉಳಿದಿದ್ದರೆ? ತಳದಲ್ಲಿ ನೂಲಿನೆಳೆಯಷ್ಟು ದನಿ ಇದ್ದು, ಹುಸೇನಬಿಗೆ ಗುರುತು ಸಿಗದೆ ಹೋಗಿದ್ದರೆ? ಪರರ ಕಿವಿಗೆ ಸಿಗದ್ದು ಹಾಡಿದವಳ ಕಿವಿಗೆ ಸಿಕ್ಕೀತು. ತನ್ನ ದನಿಯನ್ನು ತಾನು ಗುರುತು ಹಿಡಿಯದವರುಂಟೆ? ಹೀಗೆ ತನಗೆ ತಾನೇ ಹೇಳಿಕೊಂಡು, ಮರುದಿನ ಟೇಪನ್ನು ಅದೇ ದುಪ್ಪಟಿಯಲ್ಲಿ ಸುತ್ತಿ ಎತ್ತಿಕೊಂಡ. ತಾನೂ ಬರುತ್ತೇನೆ ಎಂದಳು ಹುಸೇನಬಿ. ಬೇಡವೆಂದ. ಕೇಳದವನು ನಾನು, ಹೇಳಬೇಕಾದವನೂ ನಾನೇ ಎಂದ. ಬಂಕಾಪುರದಲ್ಲೊಮ್ಮೆ, ಹಾನಗಲ್ಲಿನಲ್ಲೊಮ್ಮೆ ಬಸ್ಸು ಬದಲಿಸಿ ಆಡೂರಿಗೆ ಹೋದ. ಕ್ಯಾಸೆಟ್ಟನ್ನು ಬಿಸಿಲು ಬಡಿಯಬಾರದೆಂದು ಎದೆಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಅಳಿಸಿದ ಕ್ಯಾಸೆಟ್ಟಿಗೆ ಬಿಸಿಲು ಬಡಿದರೇನು, ಮಳೆ ಬಡಿದರೇನು.

ಗುತ್ತೆವ್ವ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮೀಸೆಯ ಮೈಲಾರಪ್ಪನ ಫೋಟೊ. ಗುತ್ತೆವ್ವನ ಮುಖದ ಒಂದು ಮಗ್ಗುಲು ಜಗ್ಗಿತ್ತು, ಆ ಮಗ್ಗುಲಿನ ಕಣ್ಣಿಂದ ನೀರು ಇಳಿಯುತ್ತಿತ್ತು. ಸುಜಾತಾ ಅದನ್ನು ಆಗಾಗ ಒರೆಸುತ್ತಿದ್ದಳು. ಜಮಾಲಸಾಬ ಬಂದದ್ದನ್ನು ಕಂಡು ಸುಜಾತಾ ಎದ್ದು ಗೋಡೆಗೆ ಸರಿದು ನಿಂತಳು. ಅವ್ವನಿಗೆ ಇನ್ನೂ ನಿಜ ಹೇಳಿರಲಿಲ್ಲ, ಟೇಪು ಇನ್ನೂ ರಿಪೇರಿಯಾಗಿಲ್ಲ ಎಂದು ಹೇಳಿದ್ದಳು. ಹಾಗಾಗಿ ದುಪ್ಪಟಿಯ ಗಂಟು ನೋಡಿದ ಕೂಡಲೇ ಗುತ್ತೆವ್ವನ ಸೊಟ್ಟ ಮುಖ ಅರಳಿತು. ಎಡಗೈ ಎತ್ತಿ, ಇಲ್ಲಿ ಇಡು, ಇಲ್ಲಿ ಇಡು ಎಂದು ಮಂಚವನ್ನು ತಟ್ಟಿದಳು. ಆ ಕೈಯನ್ನು ನೋಡಿ ಜಮಾಲಸಾಬನಿಗೆ ತಾನು ಹುಟ್ಟಲೇಬಾರದಿತ್ತು ಅನಿಸಿತು.

ಅವನು ನೆಲದ ಮೇಲೆ ಕೂತ. ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

“ಅಕ್ಕಾರ, ನನಗ ಕಿವಿ ಕೇಳೂದಿಲ್ರಿ,” ಎಂದ. “ಎರಡ ವರ್ಷಾತು. ಯಾರಿಗೂ ಹೇಳಿಲ್ಲ. ನಿಮ್ಮ ಮಗಳು ಉಳಸ್ರಿ ಅಂದ್ಲು, ನಾ ಅಳಿಸಿಬಿಟ್ಟೆ. ನಿಮ್ಮ ಹಾಡ ನಾ ಕೇಳೇನಿ. ಕಡೀಕ ಕೇಳಿದಾಂವ ನಾನ.”

ಗುತ್ತೆವ್ವ ಮಗಳ ಕಡೆ ನೋಡಿದಳು. ಸುಜಾತಾ ತಲೆ ತಗ್ಗಿಸಿದಳು. ಗುತ್ತೆವ್ವನ ಎಡಗೈ ಮಂಚದ ಮೇಲೆ ಹಾಗೇ ಇತ್ತು, ತಟ್ಟುವುದು ನಿಂತಿತ್ತು. ಆಮೇಲೆ ಅದು ಮತ್ತೆ ಎದ್ದು, ನಿಧಾನವಾಗಿ ಟೇಪಿನ ಕಡೆ ಬೆರಳು ಮಾಡಿತು. ಹಚ್ಚು ಅಂದಂತೆ.

ಜಮಾಲಸಾಬ ಕ್ಯಾಸೆಟ್ಟು ಹಾಕಿ, ವಾಲ್ಯೂಮು ಪೂರಾ ಏರಿಸಿ, ಟೇಪನ್ನು ಅವಳ ಮಗ್ಗುಲಿಗೇ ಇಟ್ಟ. ಗುತ್ತೆವ್ವ ಕಿವಿಯನ್ನು ಅದರ ಜಾಳಿಗೆಗೆ ಆನಿಸಿದಳು. ಅವನೂ ಅಂಗಡಿಯಲ್ಲಿ ಹೀಗೇ ಆನಿಸಿದ್ದ. ಕ್ಯಾಸೆಟ್ಟು ತಿರುಗತೊಡಗಿತು. ಅಂಗಳದಲ್ಲಿ ಕೋಳಿಗಳು ಓಡಾಡುತ್ತಿದ್ದವು. ಅವನಿಗೆ ಲೋಕವೆಲ್ಲ ಹತ್ತಿ ತುರುಕಿದ ಹಾಗಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಏನಾದರೂ ಗುರುತು ಹತ್ತಿತೇ ಎಂದು.

ಹತ್ತಿದಂತೆ ಕಂಡಿತು. ಗುತ್ತೆವ್ವನ ಹುಬ್ಬುಗಳು ಮೇಲೆದ್ದವು. ಗಂಟಲಿನ ನರ ಬಿಗಿಯಿತು. ವರ್ಷದಿಂದ ಮುಚ್ಚಿದ್ದ ಬಾಯಿ ಸೊಟ್ಟಗೇ ತೆರೆಯಿತು, ಎದೆ ಏರಿ ಇಳಿಯಿತು, ಮತ್ತೆ ಏರಿತು, ತಲೆ ಸಣ್ಣಗೆ ಆಚೆ ಈಚೆ ತೂಗತೊಡಗಿತು. ಒಳಗಿನಿಂದ ದನಿ ಬರುತ್ತಿದೆ ಎಂಬುದು ಅವಳ ಗಂಟಲನ್ನು ನೋಡಿದರೆ ತಿಳಿಯುತ್ತಿತ್ತು. ಎಂಥ ದನಿ ಎಂಬುದು ತಿಳಿಯುತ್ತಿರಲಿಲ್ಲ. ಕಣ್ಣೀರನ್ನು ನಂಬುವಂತಿರಲಿಲ್ಲ, ಅದು ಮೊದಲಿನಿಂದಲೂ ಇಳಿಯುತ್ತಲೇ ಇತ್ತು. ಡಾಕ್ಟರು ಅಂದದ್ದು ಇದೇ ಅಲ್ಲವೇ, ಹಾಡಿನ ದಾರಿಯಿಂದ ನಾಲಗೆ ತಿರುಗುತ್ತದೆ ಎಂದು? ತಳದಲ್ಲಿ ಒಂದೆಳೆ ಉಳಿದಿತ್ತೇ? ಯಾ ಅಲ್ಲಾ, ಒಂದೆಳೆ ಉಳಿದಿತ್ತೇ?

ಅವನು ಸುಜಾತಾಳ ಕಡೆ ತಿರುಗಿ ಅವ್ವ ಏನು ಮಾಡುತ್ತಿದ್ದಾಳೆ ಎಂದು ಕೇಳಿದ. ಅವಳು ಮುಖ ತಿರುಗಿಸಿಕೊಂಡು ನಿಂತಿದ್ದಳು, ತುಟಿ ಕಾಣಲಿಲ್ಲ. ಹೇಳಿದ್ದರಲ್ಲಿ ಬಾಲವಷ್ಟೇ ಅವನಿಗೆ ಸಿಕ್ಕಿತು. ಆಕತ್ತಾಳ. ಹಾಡಾಕತ್ತಾಳ ಅಂದಳೇ? ಹೂನವಾ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತು. ಹಾಗಂದು, ಎದ್ದು, ಆ ಸುಖವನ್ನು ಎದೆಯಲ್ಲಿಟ್ಟುಕೊಂಡು ಬಸ್ಸು ಹತ್ತಿಬಿಡಬಹುದಿತ್ತು.

“ನನಗ ಕೇಳಲಿಲ್ಲವಾ,” ಎಂದ ಜಮಾಲಸಾಬ. “ಇನ್ನೊಮ್ಮೆ ಹೇಳು.”

ಸುಜಾತಾ ಹತ್ತಿರ ಬಂದು ಕೂತಳು. ಅವನ ಕಿವಿಗೆ ಬಾಯಿ ಹಚ್ಚಿದಳು.

“ಅಳಾಕತ್ತಾಳ್ರಿ, ಚಾಚಾ,” ಎಂದಳು.

ಈ ಸಲ ಅವನಿಗೆ ಸರಿಯಾಗಿ ಕೇಳಿಸಿತು.